ನನ್ನ ಕಥೆಯನ್ನು ಎರಡನೇ ಪುಟಕ್ಕೇ ಬಿಟ್ಟುಬಿಡುತ್ತಾರೆ, ಏನು ಮಾಡಲಿ?

ಬ್ಯಾಡಗಿ ಹುಡುಗಿ:
ಎಲ್ಲರಿಗೂ ನಮಸ್ಕಾರ. 12 ಪುಟದ ಒಂದು ಕಥೆ ಬರೆದಿದ್ದೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ತಾಯಿ, ಅವಳ ಮಗಳು. ನನ್ನ ಅವ್ವನದೇ ಕಥೆ ಅನ್ನಿ. ಮೂರು ಗೆಳತಿಯರಿಗೆ ಕೊಟ್ಟೆ. ಮೂವರೂ ಎರಡನೇ ಪುಟಕ್ಕೆ ನಿಲ್ಲಿಸಿ "ಚೆನ್ನಾಗಿದೆ" ಅಂದರು, ಅಷ್ಟೇ. ಊರು, ಮಾರುಕಟ್ಟೆ, ಅವ್ವನ ಕಷ್ಟ ಎಲ್ಲ ಮೊದಲಿಗೇ ಬರೆದಿದ್ದೇನೆ. ಎಲ್ಲಿ ತಪ್ಪಿದೆ?

ಗದಗ ಕರಡು ತಿದ್ದುವವನು:
ಒಮ್ಮೆ ಜೋರಾಗಿ ಓದಿ ನೋಡಿ. ಮನೆಯಲ್ಲಿ ಅವ್ವ "ಬಾ ಇಲ್ಲೆ" ಅನ್ನುತ್ತಾರೆ. ಕಥೆಯಲ್ಲಿ "ಇಲ್ಲಿಗೆ ಬಾ ಮಗಳೇ" ಅಂತ ಇದ್ದರೆ ಓದುವವರಿಗೆ ಅದು ಯಾರದೋ ಅವ್ವ ಆಗುತ್ತದೆ. ನನ್ನ ಕೈಗೆ ಬರುವ ಕಥೆಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ.

ಧಾರವಾಡದ ಟೀಚರ್:
ತಂಗಿ, ನಾನು ಕನ್ನಡ ಕಲಿಸಿ ನಿವೃತ್ತಳಾದವಳು. ಒಂದೇ ಪ್ರಶ್ನೆ. ಸಂಜೆ ಮನೆಗೆ ಬಂದ ಮೇಲೆ ನಿಮ್ಮ ಅವ್ವನ ಕೈ ಹೇಗಿರುತ್ತಿತ್ತು?

ಬ್ಯಾಡಗಿ ಹುಡುಗಿ:
ಉರಿಯುತ್ತಿತ್ತು ಮೇಡಂ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಕೂರುತ್ತಿದ್ದಳು. ನಾನು ಅತ್ತರೆ ಮೊಣಕೈಯಿಂದ ಕಣ್ಣೊರೆಸುತ್ತಿದ್ದಳು. ಬೆರಳು ತಾಗಿಸುತ್ತಲೇ ಇರಲಿಲ್ಲ.

ಧಾರವಾಡದ ಟೀಚರ್:
ಇದು ನಿನ್ನ 12 ಪುಟದಲ್ಲಿ ಇದೆಯಾ?

ಬ್ಯಾಡಗಿ ಹುಡುಗಿ:
ಇಲ್ಲ. ಇದೆಲ್ಲ ಸಣ್ಣ ವಿಷಯ ಅಂತ ಬಿಟ್ಟೆ.

ಧಾರವಾಡದ ಟೀಚರ್:
ಅಲ್ಲಿಂದಲೇ ಶುರು ಮಾಡು. ಮಗು ಅಳುತ್ತಿದೆ, ತಾಯಿ ಕೈ ಹಿಂದಕ್ಕೆ ಎಳೆದುಕೊಂಡು ಮೊಣಕೈ ಚಾಚುತ್ತಾಳೆ. ಯಾಕೆ ಅಂತ ತಕ್ಷಣ ಹೇಳಬೇಡ. ಆ "ಯಾಕೆ"ಗಾಗಿ ಓದುವವರು ಪುಟ ತಿರುಗಿಸುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರಿಗೂ ಗೊತ್ತು. ಅದನ್ನೇ ದಿನವಿಡೀ ಮುಟ್ಟಿದ ಕೈ ಹೇಗೆ ಉರಿಯುತ್ತದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಆ ಖಾರ ನೀರಿಗೆ ಹೋಗಲ್ಲ, ಎಣ್ಣೆಗೆ ಕರಗುತ್ತದೆ. ನಿಮ್ಮ ಅವ್ವ ಎಣ್ಣೆ ಹಚ್ಚಿದ್ದು ಸುಮ್ನೆ ಅಲ್ಲ. ನೀನು ಅದನ್ನು ಕಣ್ಣಾರೆ ಕಂಡಿದ್ದೀಯ, ತಂಗಿ. "ಕಷ್ಟ" ಅನ್ನುವ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೆರೆ ಎಳೆ. ಅದರ ಜಾಗದಲ್ಲಿ ಆ ಕೈ ಬರಲಿ.

ಇನ್ನೊಂದು. ತಾಯಿಗೆ ಅವತ್ತೇ ಏನೋ ಒಂದು ಬೇಕಿರಬೇಕು. ಮಗಳ ಪರೀಕ್ಷೆ ಫೀಸು ಅನ್ನು. ನಾಳೆ ಕೊನೇ ದಿನ, ಕೂಲಿ ಕಿಲೋ ಲೆಕ್ಕ, ಇನ್ನೂ ಅರ್ಧ ಚೀಲ ಬಾಕಿ. ಹಾಗಿದ್ದರೆ ಅವಳು ಒಂದೊಂದು ತೊಟ್ಟು ಕೀಳುವುದನ್ನೂ ನಾನು ಉಸಿರು ಹಿಡಿದು ಓದುತ್ತೇನೆ.

ಬ್ಯಾಡಗಿ ಹುಡುಗಿ:
ಓದುತ್ತಾ ಕಣ್ಣು ತುಂಬಿತು ಮೇಡಂ. ಮಾರುಕಟ್ಟೆಯ ಪುಟ ತೆಗೆದುಹಾಕಲಾ?

ಧಾರವಾಡದ ಟೀಚರ್:
ಬೇಡ, ಎತ್ತಿಡು. ಬ್ಯಾಡಗಿ ಕಾಯಿಯ ತಳಿಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ರಾಶಿ ನೋಡಿ ಗುರುತಿಸುವ ಸಾಲುಗಳಿದ್ದರೆ ಐದನೇ ಪುಟಕ್ಕೆ ತಗೋ. ಕತ್ತಲಾದರೂ ಅವ್ವ ಬರಲಿಲ್ಲ ಅಂತ ಮಗಳು ಆ ರಾಶಿಗಳ ನಡುವೆ ಹುಡುಕಿಕೊಂಡು ಹೋಗಲಿ.