ಬಿಫಾನ ಮನೆಯಲ್ಲಿ: ಮಾಂಸ ರಬ್ಬರ್, ಪಾವ್ ಮುದ್ದೆ. ತಪ್ಪು ಎಲ್ಲಿ?

ಪ್ರಶ್ನೆ: ಪೋರ್ಚುಗಲ್ಲಿನ ಬಿಫಾನ, ಅಂದರೆ ಹಂದಿಮಾಂಸದ ಬಿಸಿ ಸ್ಯಾಂಡ್‌ವಿಚ್, ಸರಿ ಬರುತ್ತಿಲ್ಲ. ಅರ್ಧ ಕೆಜಿ ಲಾಯ್ನ್ (ಬೆನ್ನಿನ ಕಡೆಯ ಕೊಬ್ಬು ಕಡಿಮೆಯ ಮಾಂಸ), 1 ಸೆಂ.ಮೀ. ದಪ್ಪದ ಹೋಳು, ರಾತ್ರಿಯಿಡೀ ವಿನೆಗರ್, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟದ್ದು, ಲಾಡಿ ಪಾವ್. ಎಲ್ಲಿ ಎಡವಟ್ಟಾಗಿದೆ?

* * *

ಉತ್ತರ: ದಪ್ಪದಲ್ಲೇ ಅರ್ಧ ತಪ್ಪು. ಹೋಳು 3–4 ಮಿ.ಮೀ. ಮೀರಬಾರದು. ಮಾಂಸವನ್ನು 45 ನಿಮಿಷ ಫ್ರೀಜರ್‌ನಲ್ಲಿಟ್ಟರೆ ಬಿಗಿಯಾಗಿ ಚಾಕು ನೇರ ಓಡುತ್ತದೆ. ಎಳೆಗೆ ಅಡ್ಡವಾಗಿ ಕತ್ತರಿಸಿ, ಲಟ್ಟಣಿಗೆಯಿಂದ ಒಂದೆರಡು ಏಟು ಕೊಡಿ.

ಇನ್ನರ್ಧ ವಿನೆಗರ್. ರಾತ್ರಿಯಿಡೀ ಹುಳಿಯಲ್ಲಿ ಬಿದ್ದ ತೆಳು ಮಾಂಸದ ಮೇಲ್ಮೈ ಸುಣ್ಣದ ಹಾಗೆ ಬಿಳಚಿ ಒಣಗುತ್ತದೆ. ಬಿಫಾನಕ್ಕೆ ಬೇಕಾದ್ದು ವೈನ್. 500 ಗ್ರಾಂಗೆ ಸಿಹಿಯಿಲ್ಲದ ಬಿಳಿ ವೈನ್ 200 ಮಿ.ಲೀ., ಜಜ್ಜಿದ ಬೆಳ್ಳುಳ್ಳಿ 6 ಎಸಳು, ಪ್ಯಾಪ್ರಿಕಾ 1 ಚಮಚ, ಉಪ್ಪು ಮುಕ್ಕಾಲು ಚಮಚ, ಕಾಳುಮೆಣಸು ಅರ್ಧ ಚಮಚ, ಬೇ ಎಲೆ 2. ಎರಡರಿಂದ ನಾಲ್ಕು ಗಂಟೆ ಸಾಕು. ನಮ್ಮ ಪಲಾವ್ ಎಲೆ ಬೇರೆ ಮರದ್ದು, ಚಕ್ಕೆಯ ವಾಸನೆ ಬರುತ್ತದೆ. ಉದ್ದಕ್ಕೆ ಮೂರು ನರ ಕಂಡರೆ ಅದು ಪಲಾವ್ ಎಲೆ, ನಡುವೆ ಒಂದೇ ನರವಿದ್ದರೆ ಇದಕ್ಕೆ ಬೇಕಾದದ್ದು.

* * *

ಲಾಯ್ನ್ ಬದಲು ತೊಡೆ ಅಥವಾ ಭುಜ ತಗೊಳ್ಳಿ, ಕೊಬ್ಬು ಸ್ವಲ್ಪ ಇರಲಿ. ಉತ್ತರ ಪೋರ್ಚುಗಲ್ಲಿನ ಪೋರ್ಟೊ ನಗರದ ಕಡೆಯ ರೀತಿಯಲ್ಲಿ ತೆಳು ಚೂರುಗಳು ಖಾರದ ಸಾರಿನಲ್ಲೇ ಸಣ್ಣ ಉರಿಯಲ್ಲಿ ಬೇಯುತ್ತಾ ಇರುತ್ತವೆ. ಅದಕ್ಕಂತೂ ಲಾಯ್ನ್ ಬೇಡವೇ ಬೇಡ.

ಇನ್ನು ಬಾಣಲೆಯ ವಿಷಯ. ಬೆಳ್ಳುಳ್ಳಿ ಉದುರಿಸಿ, ಮಾಂಸವನ್ನು ಒರೆಸಿ ಒಣಗಿಸಿ, ನೆನೆಸಿದ ರಸ ಎತ್ತಿಡಿ. ಬೆಳ್ಳುಳ್ಳಿ ಅಂಟಿಕೊಂಡೇ ಇದ್ದರೆ ಸುಟ್ಟು ಇಡೀ ಸಾರು ಕಹಿ. ಹಂದಿ ಕೊಬ್ಬು ಒಂದು ದೊಡ್ಡ ಚಮಚ, ಜೋರು ಉರಿ, ಒಮ್ಮೆಗೆ ನಾಲ್ಕೇ ಹೋಳು, ಒಂದೊಂದು ಬದಿಗೆ ಒಂದು ನಿಮಿಷ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಆಮೇಲೆ ಅದೇ ಬಾಣಲೆಗೆ ರಸ ಸುರಿದು ತಳ ಕೆರೆದು, ಅರ್ಧಕ್ಕಿಳಿಯುವ ತನಕ ಚೆನ್ನಾಗಿ ಕುದಿಸಿ. ಹಸಿ ಮಾಂಸ ನೆನೆದ ರಸ, ಈ ಕುದಿ ಬಿಡುವಂತಿಲ್ಲ. ಮಾಂಸ ಮರಳಿ ಹಾಕಿ ಎರಡೇ ನಿಮಿಷ.

* * *

ಪ್ಯಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಪುಡಿ ಮುಕ್ಕಾಲು ಚಮಚ. ಬಣ್ಣ ಹೆಚ್ಚುಕಮ್ಮಿ ಅದೇ, ಖಾರ ತುಸು ಜಾಸ್ತಿ. ವೈನ್ ಇಲ್ಲವೇ? ತಿಳಿ ಬಿಯರ್ 200 ಮಿ.ಲೀ. ನಡೆಯುತ್ತದೆ. ಮಂಗಳೂರು ಕಡೆ ಕೈ ತಾನಾಗಿ ಶುಂಠಿ, ಚಕ್ಕೆ, ಲವಂಗಕ್ಕೆ ಹೋಗುತ್ತದೆ, ತಡೆಯಿರಿ. ಗೋವಾದ ಹುಳಿ-ಖಾರದ ಮಾಂಸದಡುಗೆ ವಿಂದಾಲು ಇದೇ ವೈನ್-ಬೆಳ್ಳುಳ್ಳಿ ವಂಶದ್ದೇ, ಆದರೆ ಆ ಮಸಾಲೆ ಹಾಕಿದರೆ ಸ್ಯಾಂಡ್‌ವಿಚ್ ಕಡೆಗೆ ವಿಂದಾಲುವೇ ಆಗುತ್ತದೆ.

* * *

ಪಾವ್ ಬಗ್ಗೆ: ಪೋರ್ಚುಗಲ್ಲಿನಲ್ಲಿ ಬಳಸುವ ಪಾಪೋ ಸೆಕೊ ಎಂಬ ಬನ್ ಹೊರಗೆ ಗರಿ, ಒಳಗೆ ಹಗುರ. ಲಾಡಿ ಪಾವ್ ಮೆತ್ತಗೆ, ಸಿಹಿ. ಸಾರು ತಾಗಿದೊಡನೆ ಕುಸಿಯುತ್ತದೆ. ಗೋವಾದ ಗಟ್ಟಿ ಸಿಪ್ಪೆಯ ಉಂಡೋ ಹತ್ತಿರದ ಬದಲಿ. ಅದೂ ಇಲ್ಲದಿದ್ದರೆ ಬೇಕರಿಯ ಗಟ್ಟಿ ಬನ್ನನ್ನು 180 ಡಿಗ್ರಿಯಲ್ಲಿ 5 ನಿಮಿಷ ಒಣಗಿಸಿ. ಕತ್ತರಿಸಿದ ಮುಖವನ್ನಷ್ಟೇ ಸಾರಿಗೆ ಅದ್ದಿ, ಎರಡು ಸೆಕೆಂಡ್, ಹೊರಸಿಪ್ಪೆ ಒಣಗಿರಲಿ. ಒಂದಕ್ಕೆ ಮೂರು ಹೋಳು, ಮೇಲೆ ಹಳದಿ ಸಾಸಿವೆ ಪೇಸ್ಟ್, ಪಿರಿ-ಪಿರಿ (ಖಾರದ ಮೆಣಸಿನಕಾಯಿ) ಎಣ್ಣೆ. ಟೊಮ್ಯಾಟೊ, ಲೆಟಿಸ್, ಮೇಯೋನೀಸ್ ಬೇಡ. ಅರ್ಧ ಕೆಜಿಗೆ ನಾಲ್ಕು ಸ್ಯಾಂಡ್‌ವಿಚ್ ಆಗುತ್ತವೆ, ಕಟ್ಟಿಟ್ಟರೆ ಹತ್ತು ನಿಮಿಷಕ್ಕೆ ಮುದ್ದೆ.