ಗೋ ಹೋಗಿ ವೆಂಟ್ ಆದದ್ದು

ಅಕ್ಕಾ, ಪುಟ್ಟಿ ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ದಳಲ್ಲ, "ವಾಕ್‌ಗೆ ವಾಕ್ಡ್, ಟಾಕ್‌ಗೆ ಟಾಕ್ಡ್, ಗೋಗೆ ಮಾತ್ರ ಯಾಕೆ ವೆಂಟ್?" ಅಂತ. ಒಳ್ಳೇ ಪ್ರಶ್ನೆ ಅದು. "ಹಾಗೇ ಬಾಯಿಪಾಠ ಮಾಡು" ಅಂತ ಮಾತ್ರ ಹೇಳಬೇಡ. ಫೋನ್ ಅವಳ ಕೈಗೆ ಕೊಡು.

ಪುಟ್ಟಿ, ವೆಂಟ್ ಮೊದಲು ಗೋಗೆ ಸೇರಿದ್ದೇ ಅಲ್ಲ ಕಣೇ. ಅದು ವೆಂಡ್ ಅನ್ನೋ ಬೇರೆ ಕ್ರಿಯಾಪದದ ಭೂತಕಾಲ. ಸೆಂಡ್ ಸೆಂಟ್, ಬೆಂಡ್ ಬೆಂಟ್, ಸ್ಪೆಂಡ್ ಸ್ಪೆಂಟ್ ಅಂತ ಓದಿದ್ದೀಯಲ್ಲ, ಅದೇ ಸಾಲಲ್ಲಿ ವೆಂಡ್ ವೆಂಟ್. ಮೊದಲಕ್ಷರ ಡಬ್ಲ್ಯು. ವೆಂಡಿಂಗ್ ಮಷೀನಿನ ವೆಂಡ್ ಬೇರೆ, ಅದು ಲ್ಯಾಟಿನ್‌ನಿಂದ ಬಂದಿದ್ದು, ಮಾರೋದು ಅಂತ ಅರ್ಥ. ನಮ್ಮ ವೆಂಡ್‌ಗೆ ಹಳೇ ಇಂಗ್ಲಿಷಲ್ಲಿ ತಿರುಗು, ತಿರುಗಿಸು ಅನ್ನೋ ಅರ್ಥ ಇತ್ತು, ಹೋಗು ಅಂತಲೂ ಆಗ್ತಿತ್ತು. ದಾರಿ ಸುತ್ತಿ ಬಳಸಿ ಸುಮ್ಮನೆ ತಿರುಗೋ ವಾಂಡರ್ ಇದರ ನೆಂಟನೇ.

ಹಾಗಾದ್ರೆ ಗೋದ ಸ್ವಂತ ಭೂತಕಾಲ ಎಲ್ಲಿ ಹೋಯ್ತು? ಹಳೇ ಇಂಗ್ಲಿಷಲ್ಲಿ ಗೋ ಅನ್ನೋದು 'ಗಾನ್', ಅದರ ಭೂತಕಾಲ 'ಏಓಡೆ'. ಆಗಲೇ ಎರಡಕ್ಕೂ ಹೋಲಿಕೆ ಇರಲಿಲ್ಲ ನೋಡು! 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣದ ಕಡೆ ಏಓಡೆಯ ಜಾಗಕ್ಕೆ ವೆಂಟ್ ಬಂದು ಕೂತಿತು. ಸ್ಕಾಟ್ಲೆಂಡ್ ಕಡೆಯವರು ನೀನು ಕೇಳಿದ ಥರಾನೇ 'ಡ್' ಹಚ್ಚಿ 'ಗೇಡ್' ಅಂತ ಮಾಡ್ಕೊಂಡ್ರು. ವೆಂಟ್ ಕಳಕೊಂಡ ವೆಂಡ್ ತನಗೆ ವೆಂಡೆಡ್ ಅಂತ ಹೊಸದು ಕಟ್ಟಿಕೊಳ್ತು. ಗಾನ್ ಜೊತೆಗೇ ಗಾಂಗನ್ ಅಂತ ಇನ್ನೊಂದು ರೂಪ ಇತ್ತು. ಹಡಗಿನ ಗ್ಯಾಂಗ್‌ವೇಯಲ್ಲಿರೋ ಗ್ಯಾಂಗ್ ಆ ಬಳಗದ್ದೇ.

ಇಂಥ ಸೊಟ್ಟ ರೂಪ ಉಳಿಯೋದು ದಿನಾ ಬಾಯಲ್ಲಿ ಓಡಾಡೋ ಕ್ರಿಯಾಪದಗಳಲ್ಲೇ. ಮಕ್ಕಳು 'ಗೋಡ್' ಅಂತಾರೆ, ಆದ್ರೆ ದಿನಕ್ಕೆ ಎಷ್ಟೋ ಸಲ ವೆಂಟ್ ಕಿವಿಗೆ ಬಿದ್ದು ತಾವೇ ತಿದ್ದಿಕೊಳ್ತಾರೆ. ಹೆಲ್ಪ್‌ಗೂ ಹಿಂದೆ ಹೋಲ್ಪ್ ಅಂತ ಇತ್ತು, 1611ರ ಇಂಗ್ಲಿಷ್ ಬೈಬಲಲ್ಲಿ ಹೋಲ್ಪನ್ ಸಿಗತ್ತೆ. ಅದು ಉಳಿಯಲಿಲ್ಲ, ಹೆಲ್ಪ್ಡ್ ಆಯ್ತು. ಬಿ, ಈಸ್, ವಾಸ್ ಕೂಡ ಮೂರು ಬೇರೆ ಬೇರೆ ಬೇರು. ಸಂಸ್ಕೃತದ ಭವತಿ, ಅಸ್ತಿ, ವಸತಿ ಅವುಗಳ ದಾಯಾದಿಗಳು. ಅದನ್ನ ಇನ್ನೊಂದು ದಿನ ಹೇಳ್ತೀನಿ.

ಈಗ ನಮ್ಮವರು ಎಡವೋ ಜಾಗ. 'ಡಿಡ್ ವೆಂಟ್' ತಪ್ಪು. ಭೂತಕಾಲವನ್ನ ಡಿಡ್ ಹೊತ್ತುಕೊಂಡ ಮೇಲೆ ಗೋ ಬರಿಗೈಲಿರಬೇಕು: ಡಿಡ್ ಯೂ ಗೋ, ಐ ಡಿಡ್ ನಾಟ್ ಗೋ. 'ಹ್ಯಾವ್ ವೆಂಟ್' ಬೇಡ, ಹ್ಯಾವ್ ಗಾನ್ (ಇದು ಈಗಿನ gone, ಮೇಲೆ ಹೇಳಿದ ಹಳೇ ಇಂಗ್ಲಿಷಿನ ಗಾನ್ ಅಲ್ಲ). ಇದು ಮುಖ್ಯ: 'ಹಿ ಹ್ಯಾಸ್ ಗಾನ್ ಟು ಮೈಸೂರು' ಅಂದ್ರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. 'ಹಿ ಹ್ಯಾಸ್ ಬೀನ್ ಟು ಮೈಸೂರು' ಅಂದ್ರೆ ಹೋಗಿ ಬಂದಿದ್ದಾನೆ. ನೀನು ಮನೇಲೇ ಕೂತು 'ಐ ಹ್ಯಾವ್ ಗಾನ್ ಟು ಮೈಸೂರು' ಅಂದ್ರೆ ಅರ್ಥ ಕೂಡಲ್ಲ. 'ಗೋ ಟು ಹೋಮ್' ಅನ್ನಬೇಡ, 'ಗೋ ಹೋಮ್' ಸಾಕು. ಅಲ್ಲಿ ಹೋಮ್ ಅಂದ್ರೆ ಮನೆ ಅಲ್ಲ, ಮನೆಗೆ. 'ಗೆ' ಅದರೊಳಗೇ ಇದೆ. 'ಗೋ ಶಾಪಿಂಗ್'ಗೂ ನಡುವೆ ಟು ಬೇಡ. ಆದ್ರೆ ಸ್ಕೂಲಿಗೆ ಬೇಕು, 'ಗೋ ಟು ಸ್ಕೂಲ್'. ಇವೆಲ್ಲಾ ಒಂದೊಂದು ವಾಕ್ಯದಲ್ಲಿಟ್ಟು ಸಂಜೆ ಗ್ರೂಪಿಗೆ ಹಾಕು, ನೋಡ್ತೀನಿ.