ಐದು ವರ್ಷಕ್ಕೆ 30 ಗಂಟೆ: ಸಾಮಾನ್ಯ ವೈದ್ಯರು ಕೇಳಿದ್ದು, ಕುಟುಂಬ ವೈದ್ಯರು ಹೇಳಿದ್ದು

ಪ್ರಶ್ನೆ: ಎಂಬಿಬಿಎಸ್ ವೈದ್ಯ, ಉತ್ತರ ಕನ್ನಡ

ನಮಸ್ಕಾರ ಸರ್. ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ನೋಂದಣಿ ನವೀಕರಣ ಹತ್ತಿರ ಬಂತು, ಸಿಎಂಇ (ವೈದ್ಯರ ನಿರಂತರ ಕಲಿಕೆಯ ಕಾರ್ಯಕ್ರಮ) ಅಂಕಗಳು ಸಾಲುತ್ತಿಲ್ಲ. ಅಂಕಕ್ಕಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋದರೆ ಅಂದು ಕ್ಲಿನಿಕ್ ಬಾಗಿಲು ಹಾಕಬೇಕು. ಹೋದ ಸಲ ಹೋಗಿ ಕುಳಿತರೆ ಬೆಳಗಿನ ಗೋಷ್ಠಿಯೆಲ್ಲ ರೊಬೊಟಿಕ್ ಶಸ್ತ್ರಚಿಕಿತ್ಸೆಯದ್ದೇ. ನನ್ನಲ್ಲಿಗೆ ಬರುವವರಿಗೆ ಇರುವುದು ಜ್ವರ, ಕೆಮ್ಮು, ವಾಂತಿಭೇದಿ, ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಹಾವಿನ ಕಡಿತ. ನಮ್ಮಂಥವರು ಕಲಿಯುವುದು ಎಲ್ಲಿಂದ?

ಉತ್ತರ: ಕುಟುಂಬ ವೈದ್ಯ, ಕಿರಿಯ ವೈದ್ಯರಿಗೆ ತರಬೇತಿ ನೀಡುವವರು

ಡಾಕ್ಟರೇ, ಅಂಕದ ಮಾತನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭದ್ದು. 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ. ಭಾಗಿಸಿ ನೋಡಿ, ತಿಂಗಳಿಗೆ ಅರ್ಧ ಗಂಟೆ! ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿ ಹೊರಡಿಸಿ, ಅದೇ ತಿಂಗಳ 23ರಂದು ತಡೆಹಿಡಿದು, 2002ರದ್ದನ್ನೇ ಮತ್ತೆ ಜಾರಿಗೆ ತಂದಿತು. ಕಾರ್ಯಕ್ರಮಕ್ಕೆ ಹೆಸರು ಕೊಡುವ ಮೊದಲು ರಾಜ್ಯ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೇ, ಎಷ್ಟು ಅಂಕ ಎಂದು ಕೇಳಿಕೊಳ್ಳಿ. ಪ್ರಮಾಣಪತ್ರವನ್ನು ಮನೆಗೆ ಬಂದ ದಿನವೇ ಸ್ಕ್ಯಾನ್ ಮಾಡಿಡಿ. ನವೀಕರಣದ ವಾರದಲ್ಲಿ ಬೀರು ತಡಕಾಡುವ ವೈದ್ಯರು ಬಹಳ ಮಂದಿ.

ಇನ್ನು ಕಲಿಕೆ. ನೀವು ಕೂತು ಕೇಳಿದ ಭಾಷಣಕಾರರಿಗೂ ನಿಮಗೂ ರೋಗಿಗಳೇ ಬೇರೆ. ನಿಮ್ಮಲ್ಲಿ ಮೂರು ದಿನದ ಜ್ವರವಾಗಿ ಬಂದವನು ಅವರ ಬಳಿ ಹೋಗುವ ಹೊತ್ತಿಗೆ ಐಸಿಯುನಲ್ಲಿರುತ್ತಾನೆ. ನೂರು ಜ್ವರದಲ್ಲಿ ಇಲಿಜ್ವರ ಯಾವುದು, ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಯಾವುದು, ಸುಮ್ಮನೆ ಬಿಟ್ಟರೂ ಇಳಿಯುವುದು ಯಾವುದು ಎಂದು ಆರಿಸುವ ಕೆಲಸ ಅವರಿಗೆ ಬೀಳುವುದೇ ಇಲ್ಲ. ಅವರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ, ಆದರೆ ನಿಮ್ಮ ಪಠ್ಯಕ್ರಮವನ್ನು ಅವರು ಬರೆದುಕೊಡಲಾರರು. ಬರಿಯ ಉಪನ್ಯಾಸ ಕೇಳಿದ ವೈದ್ಯರ ಚೀಟಿ ಬರೆಯುವ ರೂಢಿ ಅಷ್ಟಾಗಿ ಬದಲಾಗುವುದಿಲ್ಲ, ತಮ್ಮದೇ ರೋಗಿಗಳ ವಿಷಯವನ್ನು ಚರ್ಚಿಸಿದವರದ್ದು, ತಮ್ಮದೇ ದಾಖಲೆಯನ್ನು ತಿರುಗಿ ನೋಡಿದವರದ್ದು ಹೆಚ್ಚು ಬದಲಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ಕರ್ನಾಟಕ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಉಪನ್ಯಾಸದ ತೆರೆಯ ಮೇಲೆ 'ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆ' ಎಂದು ಒಂದು ಸಾಲು ಬಂದು ಹೋಗುತ್ತದೆ. ಮಾಡಿ ನೋಡಿದವನಿಗೇ ಅದರ ಗುಟ್ಟು ಗೊತ್ತು. ರಕ್ತನಾಳದಿಂದ ತೆಗೆದ 2 ಮಿಲಿಲೀಟರ್ ರಕ್ತ, ಒಣಗಿದ ಹೊಸ ಗಾಜಿನ ಕೊಳವೆ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಒಮ್ಮೆ ಮಾತ್ರ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ, ಹೆಪ್ಪುಗಟ್ಟಲು ಗಾಜಿನ ಮೇಲ್ಮೈಯೇ ಬೇಕು. ಸೋಪಿನಲ್ಲಿ ತೊಳೆದ ಗಾಜೂ ಬೇಡ, ಸೋಪಿನ ಅಂಶ ಉಳಿದಿದ್ದರೆ ಆರೋಗ್ಯವಂತನ ರಕ್ತವೂ ನೀರಾಗಿಯೇ ಉಳಿದು ನಿಮ್ಮನ್ನು ಹೆದರಿಸುತ್ತದೆ. ಇದರ ಜೊತೆಗೆ ಘಟ್ಟದವರಾದ ನಿಮಗೆ ಇನ್ನೊಂದು ಸಂಗತಿ ತಿಳಿದಿರಬೇಕು. ನಮ್ಮ ಬಹುವಿಷ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ. ಅಡಿಕೆ ತೋಟದಲ್ಲಿ ಸಿಗುವ ಉಬ್ಬುಮೂಗಿನ ಗುಳಿಮಂಡಲ ಆ ನಾಲ್ಕರಲ್ಲಿ ಇಲ್ಲ, ಅದು ಕಚ್ಚಿದರೆ ಈ ಪ್ರತಿವಿಷ ಕೆಲಸಕ್ಕೆ ಬಾರದು. ಇಂಥದ್ದನ್ನು ನಿಮಗೆ ಹೇಳಬೇಕಾದವರು ನಿಮ್ಮದೇ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ಕಡಿತ ನೋಡುತ್ತಿರುವ ವೈದ್ಯರು. ಮಳೆಗಾಲಕ್ಕೆ ಮೊದಲು ಒಂದು ಸಂಜೆ ಅವರನ್ನು ಕರೆಸಿ, ಕೊಳವೆ ಹಿಡಿದುಕೊಂಡೇ ಮಾತನಾಡಿ.

ಒಂದೇ ಊರಿನ ನಾಲ್ಕೈದು ವೈದ್ಯರು ತಿಂಗಳಿಗೊಮ್ಮೆ ಕೂತರೆ ಸಾಕು. ಒಂದು ಸಲಕ್ಕೆ ಒಂದೇ ವಿಷಯ. ಉದಾಹರಣೆಗೆ ಭೇದಿಯೆಂದು ಬಂದ ಕೊನೆಯ ಇಪ್ಪತ್ತು ಮಕ್ಕಳ ಚೀಟಿಗಳು. ಎಷ್ಟು ಮಕ್ಕಳಿಗೆ ಓಆರ್‌ಎಸ್ ಬರೆದಿದ್ದೀರಿ? ಜಿಂಕ್ ಎಷ್ಟು ಜನಕ್ಕೆ, ಹದಿನಾಲ್ಕು ದಿನಕ್ಕೆ ಬರೆದಿದ್ದೀರೋ ಐದು ದಿನಕ್ಕೋ? ಆರು ತಿಂಗಳು ತುಂಬದ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ದೊಡ್ಡ ಮಕ್ಕಳಿಗೆ 20 ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2004ರಿಂದ ಹೇಳುತ್ತಿರುವ ಮಾತು. ಮಲದಲ್ಲಿ ರಕ್ತವಿಲ್ಲ, ಕಾಲರಾದ ಶಂಕೆಯೂ ಇಲ್ಲ, ಆದರೂ ಆ್ಯಂಟಿಬಯೋಟಿಕ್ ಬಿದ್ದಿರುವ ಚೀಟಿಗಳೆಷ್ಟು? ಮೂರು ತಿಂಗಳ ನಂತರ ಇನ್ನಿಪ್ಪತ್ತು ಚೀಟಿ ತೆಗೆದು ಮತ್ತೆ ಎಣಿಸಿ.

ಪ್ರತಿಕ್ರಿಯೆ: ಅದೇ ವೈದ್ಯರು

ಸರ್, ಎದುರು ಬೀದಿಯ ಡಾಕ್ಟರ ಮುಂದೆ ನನ್ನ ಚೀಟಿ ಬಿಚ್ಚಿಡುವುದು ಹೇಗೆ? ನಾಳೆ ಊರೆಲ್ಲ ಸುದ್ದಿಯಾಗುತ್ತದೆ.

ಉತ್ತರ:

ಈ ಸಂಕೋಚ ಸಹಜ, ಪೈಪೋಟಿ ಇರುವ ಕಡೆ ಇದ್ದದ್ದೇ. ರೋಗಿಯ ಹೆಸರು, ನಿಮ್ಮ ಹೆಸರು ಎರಡನ್ನೂ ಮುಚ್ಚಿ ನಕಲು ತೆಗೆಯಿರಿ, ಎಲ್ಲರ ಚೀಟಿಗಳನ್ನೂ ಕಲಸಿಬಿಡಿ. ಓದುವವರು ಬೇರೆಯವರಾಗಿರಲಿ. ಅಕ್ಷರದಿಂದ ಗುರುತು ಸಿಕ್ಕೀತು ಎನ್ನುತ್ತೀರಾ? ನಮ್ಮ ವೃತ್ತಿಯವರ ಕೈಬರಹ ಆ ಮಟ್ಟಿಗೆ ರಕ್ಷಣೆ ಕೊಡುತ್ತದೆ.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ರಾಯಚೂರು ಜಿಲ್ಲೆ

ಸರ್, ನನಗೆ ಚಿಕ್ಕ ಮಕ್ಕಳಿದ್ದಾರೆ, ಪೂರ್ಣಾವಧಿ ಪಿಜಿಗೆ (ಸ್ನಾತಕೋತ್ತರ ಪದವಿಗೆ) ಹೋಗಲಾರೆ. ಕೆಲಸದಲ್ಲಿದ್ದುಕೊಂಡೇ ಮಾಡಬಹುದಾದ ಗಟ್ಟಿ ಕೋರ್ಸ್ ಇದೆಯೇ? ಬೋರ್ಡಿನಲ್ಲಿ ಹಾಕಿಕೊಳ್ಳಬಹುದೇ?

ಉತ್ತರ:

ಮೇಡಂ, ಬೋರ್ಡು ಒಂದು ಕಡೆ, ಕಲಿಕೆ ಒಂದು ಕಡೆ ಇಟ್ಟು ನೋಡಿ. ತಜ್ಞೆ ಎಂದು ಬರೆದುಕೊಳ್ಳಬೇಕಿದ್ದರೆ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಬರೆದು ಕುಟುಂಬ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಪಿಜಿ ಪದವಿಗಳಾದ ಡಿಎನ್‌ಬಿಯನ್ನೋ ಎಂಡಿಯನ್ನೋ ಮಾಡಬೇಕು. ಅದು ಆಗದಿದ್ದರೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ದೂರಶಿಕ್ಷಣದಲ್ಲಿ ನಡೆಸುವ ಕುಟುಂಬ ವೈದ್ಯಶಾಸ್ತ್ರ ಡಿಪ್ಲೊಮಾವನ್ನು ವಿಚಾರಿಸಿ. ಕಡಿಮೆ ರೋಗಿಗಳನ್ನು ಮುಂದಕ್ಕೆ ಕಳುಹಿಸಿ, ಹೆಚ್ಚಿನವರನ್ನು ನೀವೇ ಗುಣಪಡಿಸಿ ಎಂಬುದೇ ಅದರ ಧ್ಯೇಯ. ಪಾಠಗಳು ಅಂಗಾಂಗದ ಹೆಸರಿನಲ್ಲಿಲ್ಲ, ರೋಗಿ ಹೇಳಿಕೊಂಡು ಬರುವ ತೊಂದರೆಯ ಸುತ್ತ ಇವೆ. ತಜ್ಞ ಪದವಿಯ ಆಸೆಯಿಂದ ಸೇರಬೇಡಿ, ನಿಮ್ಮ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಬೇಕೆಂದು ಸೇರಿ.

ನಿಮ್ಮ ಕೇಂದ್ರಕ್ಕೆ ನಿದ್ರೆ ಬಾರದು, ಮೈಕೈ ನೋವು, ಎದೆ ಡವಡವ ಎಂದು ಬರುವ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಖಿನ್ನತೆ ಇರುತ್ತದೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಪ್ರಾಥಮಿಕ ಹಂತದ ವೈದ್ಯರಿಗೆಂದೇ ಮನೋವೈದ್ಯಕೀಯ ಡಿಪ್ಲೊಮಾ ರೂಪಿಸಿದೆ. ಅದರಲ್ಲಿ ನನಗೆ ಮೆಚ್ಚುಗೆಯಾದ ಭಾಗ ಒಂದಿದೆ: ಬೋಧಿಸುವ ಮನೋವೈದ್ಯರು ವಿಡಿಯೊ ಮೂಲಕ ನಿಮ್ಮ ಓಪಿಡಿಯಲ್ಲೇ ಕೂರುತ್ತಾರೆ. ಎದುರಿಗಿರುವುದು ನಿಮ್ಮದೇ ರೋಗಿ, ಏನು ಕೇಳಬೇಕು, ಮಾತ್ರೆಯನ್ನು ಎಷ್ಟರಿಂದ ಆರಂಭಿಸಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ದೂರದ ವೈದ್ಯರನ್ನು ವಿಡಿಯೊದಲ್ಲಿ ಕೂಡಿಸಿ ಅವರವರ ರೋಗಿಗಳ ಬಗ್ಗೆಯೇ ಚರ್ಚಿಸುವ ಪದ್ಧತಿಯನ್ನು ಪಿತ್ತಜನಕಾಂಗದ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಆರಂಭಿಸಿದ್ದರು. 'ಎಕೊ' ಎಂಬ ಹೆಸರಿನ ಆ ಪದ್ಧತಿಯನ್ನು ನಿಮ್ಹಾನ್ಸ್ ಕೂಡ ಬಳಸುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಅಗತ್ಯ ಇದರಿಂದ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ಔಷಧ ಕಂಪನಿಯ ಪ್ರತಿನಿಧಿ, ದಾವಣಗೆರೆ

ಸರ್, ನಾವು ಹಾಲ್, ಊಟ, ಭಾಷಣಕಾರರನ್ನು ಹೊಂದಿಸದಿದ್ದರೆ ಸಣ್ಣ ಊರಿನಲ್ಲಿ ಸಿಎಂಇ ನಡೆಯುವುದೇ ಇಲ್ಲ. ಎಲ್ಲದಕ್ಕೂ ನಮ್ಮನ್ನೇ ದೂರುವುದು ಸರಿಯೇ?

ಉತ್ತರ:

ನಿಮ್ಮ ಮಾತಿನ ಮೊದಲರ್ಧ ನಿಜ. ಆದರೆ ಊಟ ಹಾಕಿದವರ ಮಾತ್ರೆಯೇ ಭಾಷಣದ ಕೊನೆಗೆ ಗೆಲ್ಲುತ್ತದೆ ಎಂಬುದೂ ನಿಜ. ಸಕ್ಕರೆ ಕಾಯಿಲೆಗೆ ಕೊಡುವ ಅಗ್ಗದ ಮೆಟ್‌ಫಾರ್ಮಿನ್ ಬಗ್ಗೆ ಪ್ರಾಯೋಜಿತ ಸಂಜೆ ನಡೆದದ್ದನ್ನು ನಾನು ಕಂಡಿಲ್ಲ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ತಂದ ಮಾರಾಟ ಸಂಹಿತೆ ವೈದ್ಯರಿಗೆ ಉಡುಗೊರೆ ಕೊಡುವುದನ್ನು, ವಿದೇಶದಲ್ಲಿ ಸಿಎಂಇ ಮಾಡುವುದನ್ನು ನಿಷೇಧಿಸಿದೆ. ಪ್ರಯಾಣ, ಹೋಟೆಲ್ ವಾಸ್ತವ್ಯದ ಖರ್ಚನ್ನು ಭಾಷಣಕಾರರಿಗಷ್ಟೇ ಕೊಡಬಹುದು. ದೇಶದೊಳಗಿನ ಕಾರ್ಯಕ್ರಮಕ್ಕೆ ಅಡ್ಡಿಯಿಲ್ಲ, ಲೆಕ್ಕ ಬಹಿರಂಗವಾಗಬೇಕು. ವಿಷಯವನ್ನೂ ಭಾಷಣಕಾರರನ್ನೂ ಊರಿನ ವೈದ್ಯರೇ ಆರಿಸಲಿ, ಖರ್ಚು ಕೊಟ್ಟವರು ಕೊನೆಯ ಸಾಲಿನಲ್ಲಿ ಕೂರಲಿ.

ಪ್ರಶ್ನೆ: ಎಂಬಿಬಿಎಸ್ ವೈದ್ಯೆ, ತುಮಕೂರು

ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೊಂದು ಮಾರ್ಗಸೂಚಿ ಬರುತ್ತದೆ. ಯಾವುದನ್ನು ನಂಬಲಿ?

ಉತ್ತರ:

ಹೊರಡಿಸಿದವರ ಹೆಸರು, ವರ್ಷ ಎರಡೂ ಇಲ್ಲದ್ದನ್ನು ಓದುವುದೇ ಬೇಡ. ಮೊಬೈಲಿನಲ್ಲಿ ಎರಡನ್ನು ಇಟ್ಟುಕೊಳ್ಳಿ, ಎರಡೂ ಉಚಿತ. ಒಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಮಾಣಿತ ಚಿಕಿತ್ಸಾ ಕ್ರಮಗಳು. ಒಂದು ಕಾಯಿಲೆಗೆ ಒಂದು ಪುಟ, ಯಾವಾಗ ಮುಂದಕ್ಕೆ ಕಳುಹಿಸಬೇಕೆಂಬುದೂ ಅಲ್ಲೇ ಇರುತ್ತದೆ. ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಂದ ಆ್ಯಂಟಿಬಯೋಟಿಕ್ ಕೈಪಿಡಿ, 'ಅವೇರ್'. ನಮ್ಮ ಚೀಟಿಗಳಲ್ಲಿ ಧಾರಾಳವಾಗಿ ಬೀಳುವ ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಎರಡನ್ನೂ ಅದು ಎಚ್ಚರಿಕೆಯಿಂದ ಬಳಸಬೇಕಾದ ಗುಂಪಿನಲ್ಲಿಟ್ಟಿದೆ.

ಔಷಧ ನಿಯಂತ್ರಕರ ಆದೇಶಗಳ ಮೇಲೂ ಕಣ್ಣಿಡಿ, ಅವು ನಮ್ಮ ಮೇಜಿಗೆ ತಾವಾಗಿ ಬರುವುದಿಲ್ಲ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಶೀತದ ಔಷಧದ ಮೇಲೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಮುದ್ರಿಸಬೇಕು ಎಂಬ ಆದೇಶ 2023ರ ಡಿಸೆಂಬರ್‌ನಲ್ಲಿ ಬಂತು. 2024ರ ಆಗಸ್ಟ್‌ನಲ್ಲಿ 156 ಸಂಯುಕ್ತ ಔಷಧಗಳು (ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದವು) ನಿಷೇಧವಾದವು. ಬಿಡುವು ಮಾಡಿಕೊಂಡು ಪಕ್ಕದ ಮೆಡಿಕಲ್ ಸ್ಟೋರಿಗೆ ಹೋಗಿ, ನೀವು ಹೆಚ್ಚಾಗಿ ಬರೆಯುವ ಶೀತದ ಸಿರಪ್ಪಿನ ಡಬ್ಬಿಯನ್ನು ತಿರುಗಿಸಿ ಓದಿ. ಏನು ಸಿಕ್ಕಿತೆಂದು ಇಲ್ಲಿ ಬರೆಯಿರಿ, ಅಲ್ಲಿಂದ ಮಾತು ಮುಂದುವರಿಸೋಣ.